ಕಾರ್ಪೆಟ್ ಕಟ್ ಮಾಡಿದ್ರೆ ಅಂಚು ಬಿಚ್ಕೊಳ್ತಿದೆ, ಏನ್ ಮಾಡೋದು?

ಪ್ರಶ್ನೆ: ಚಿಕ್ಕಮಗಳೂರಲ್ಲಿ ಮನೆ, ಮಳೆಗಾಲಕ್ಕೆ ನೆಲ ಕೊರೆಯುತ್ತೆ ಅಂತ 2 ಕಾರ್ಪೆಟ್ ತಂದ್ವಿ, ಒಂದು ನೈಲಾನ್‌ದು ಕುಣಿಕೆ ಕುಣಿಕೆ ಇರೋದು, ಇನ್ನೊಂದು ಸೆಣಬಿಂದು. ಕತ್ತರೀಲಿ ಕಟ್ ಮಾಡಿದ್ದಕ್ಕೆ ನೂಲೆಲ್ಲ ಎದ್ದು ಬರ್ತಿದೆ, ಅಮ್ಮ ಎಡವಿದ್ರು ಬೇರೆ. ದಯವಿಟ್ಟು ಹೇಳಿ.

ಉತ್ತರ 1: ಕತ್ತರಿ ಬಿಡಿ, ಕಟರ್‌ಗೆ ಹೊಸ ಬ್ಲೇಡ್ ಹಾಕಿ. ಕುಣಿಕೆ ಇರೋದನ್ನ ಮೇಲಿಂದಾನೇ ಎರಡು ಸಾಲಿನ ಮಧ್ಯೆ ಕುಯ್ಯಿರಿ. ಎದ್ದಿರೋ ನೂಲು ಎಳೀಲೇಬೇಡಿ, ಸಾಲುಪೂರ್ತಿ ಬಂದ್ಬಿಡುತ್ತೆ, ಬುಡಕ್ಕೆ ಕತ್ತರಿಸಿ.

ಉತ್ತರ 2: ಸೆಣಬಿಗೆ ಮೊದ್ಲು ಗೆರೆ ಮೇಲೆ ಅಗಲದ ಟೇಪ್ ಅಂಟಿಸಿ ಅದರ ಮಧ್ಯಾನೇ ಕುಯ್ದು ಆಮೇಲೆ ಅಂಚಿಗೆ ಬಟ್ಟೆ ಪಟ್ಟಿ ಹೊಲಿಸಿ, ನಾನು ಹಾಸನದಲ್ಲಿ ಚಪ್ಪಲಿ ಹೊಲಿಯೋರ ಹತ್ರ ಹೊಲಿಸ್ದೆ, ಗಟ್ಟಿಯಾಗಿದೆ. ನೈಲಾನ್ ಅಂಚು ಬಿಸಿಗೆ ಕರಗಿ ಕೂರುತ್ತೆ, ಸೆಣಬಿಗೆ ಮಾತ್ರ ಬೆಂಕಿ ತೋರಿಸ್ಬೇಡಿ, ಹತ್ಕೊಳ್ಳುತ್ತೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್, ಇವತ್ತೇ ಬ್ಲೇಡ್ ತರ್ತೀನಿ.