‘ಸಮ್‌ವೇರ್ ಇನ್ ಟೈಮ್’ ಚಿತ್ರದ ಆ ಗಡಿಯಾರವನ್ನು ಮಾಡಿದವರು ಯಾರು?

ಹಳೇಟಾಕೀಸು ಕೇಳಿದ್ದು:

ಜೆನೋ ಸ್ವಾರ್ಕ್ ನಿರ್ದೇಶನದಲ್ಲಿ 1980ರಲ್ಲಿ ಬಂದ ‘ಸಮ್‌ವೇರ್ ಇನ್ ಟೈಮ್’ ಚಿತ್ರವನ್ನು ಕಳೆದ ವಾರ ಎರಡನೆಯ ಬಾರಿ ನೋಡಿದೆ. ಸೂಪರ್‌ಮ್ಯಾನ್ ಪಾತ್ರದಿಂದ ಹೆಸರಾಗಿದ್ದ ಕ್ರಿಸ್ಟೋಫರ್ ರೀವ್ ಇಲ್ಲಿ ರಿಚರ್ಡ್ ಕಾಲಿಯರ್ ಎಂಬ ನಾಟಕಕಾರ. ಜೇನ್ ಸೀಮೋರ್ ಎಲೀಸ್ ಮೆಕೆನ್ನಾ ಎಂಬ ರಂಗನಟಿ.

ನೋಡದವರಿಗಾಗಿ ಕಥೆಯ ಎಳೆಯನ್ನು ಹೇಳಿಬಿಡುತ್ತೇನೆ. 1972ರಲ್ಲಿ, ಕಾಲೇಜಿನಲ್ಲಿ ತನ್ನ ನಾಟಕದ ಪ್ರದರ್ಶನ ಮುಗಿದ ಸಂಭ್ರಮದಲ್ಲಿದ್ದ ರಿಚರ್ಡನ ಬಳಿಗೆ ಅಪರಿಚಿತ ವೃದ್ಧೆಯೊಬ್ಬಳು ಬಂದು, ಒಂದು ಜೇಬುಗಡಿಯಾರವನ್ನು ಅವನ ಕೈಯಲ್ಲಿಟ್ಟು, ‘ನನ್ನ ಬಳಿಗೆ ಮರಳಿ ಬಾ’ ಎಂದಷ್ಟೇ ಹೇಳಿ ಹೊರಟುಹೋಗುತ್ತಾಳೆ. ಎಂಟು ವರ್ಷಗಳ ನಂತರ ಅವನು ಗ್ರ್ಯಾಂಡ್ ಹೋಟೆಲಿನಲ್ಲಿ ಹಳೆಯ ಕಾಲದ ನಟಿಯೊಬ್ಬಳ ಭಾವಚಿತ್ರವನ್ನು ಕಂಡು ಮನಸೋಲುತ್ತಾನೆ. ಹುಡುಕಿಕೊಂಡು ಹೋದರೆ, ಆ ವೃದ್ಧೆಯೇ ಈ ನಟಿ. ಆತ್ಮಸಂಮೋಹನದ ಬಲದಿಂದ ಅವನು 1912ಕ್ಕೆ ಹೋಗಿ ಅವಳ ಪ್ರೀತಿಯನ್ನು ಪಡೆಯುತ್ತಾನೆ. ಆದರೆ ಕೋಟಿನ ಜೇಬಿನಲ್ಲಿ ಉಳಿದುಬಿಟ್ಟಿದ್ದ 1979ರ ಒಂದು ಸೆಂಟಿನ ನಾಣ್ಯ ಕಣ್ಣಿಗೆ ಬಿದ್ದೊಡನೆ ತನ್ನ ಕಾಲಕ್ಕೆ ಬಂದು ಬೀಳುತ್ತಾನೆ.

ಗಡಿಯಾರವನ್ನು ಅವಳು ಅವನಿಗೆ 1972ರಲ್ಲಿ ಕೊಟ್ಟಳು. ಅವನು ಅದನ್ನು 1912ಕ್ಕೆ ಒಯ್ದು ಅವಳ ಬಳಿಯೇ ಬಿಟ್ಟುಬಂದ. ಹಾಗಿದ್ದರೆ ಅದನ್ನು ಮಾಡಿದ ಅಕ್ಕಸಾಲಿ ಯಾರು, ಕೊಂಡವರು ಯಾರು? ನಮ್ಮವರು ಇಂಥ ಕಥೆಗಳಿಗೆ ಪುನರ್ಜನ್ಮವನ್ನು ಆಶ್ರಯಿಸುತ್ತಾರೆ. 1958ರ ಹಿಂದಿ ಚಿತ್ರ ‘ಮಧುಮತಿ’ಯಲ್ಲಿ ದೇಹ ಹೋಗುತ್ತದೆ, ಪ್ರೀತಿ ಉಳಿಯುತ್ತದೆ, ಲೆಕ್ಕ ಸರಿಹೋಗುತ್ತದೆ. ಇಲ್ಲಿ ಲೆಕ್ಕ ತಪ್ಪಿದೆಯೆಂದೂ, ಆ ನಾಣ್ಯವಂತೂ ಕಥೆಯನ್ನು ಹೇಗಾದರೂ ಮುಗಿಸಲು ಲೇಖಕರು ಹೂಡಿದ ಸುಲಭೋಪಾಯವೆಂದೂ ನನಗೆ ಅನ್ನಿಸಿತು. ತಿಳಿದವರು ಹೇಳಬೇಕು.

ಬೀಜಗಣಿತ ಅವರ ಉತ್ತರ:

ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಹಳೆಯ ಜಗಳವೇ ಇದು, ಸರ್. ಆ ಗಡಿಯಾರಕ್ಕೆ ಹುಟ್ಟೂ ಇಲ್ಲ, ಕೊನೆಯೂ ಇಲ್ಲ. ಅರವತ್ತು ವರ್ಷಗಳ ಒಂದು ಸುತ್ತಿನೊಳಗೆ ಅದು ತಿರುಗುತ್ತಲೇ ಇರುತ್ತದೆ. ಇದಕ್ಕಿಂತ ದೊಡ್ಡ ತೊಡಕೊಂದಿದೆ. ಅವಳು ಅದನ್ನು ಅರವತ್ತು ವರ್ಷ ಬಳಸಿ ಕೊಡುತ್ತಾಳೆ, ಅವನು ಎಂಟು ವರ್ಷ ಬಳಸಿ ಹಿಂದಕ್ಕೆ ಒಯ್ಯುತ್ತಾನೆ. ಪ್ರತಿ ಸುತ್ತಿನಲ್ಲೂ ಅದು ಸವೆಯಬೇಕು. ಆದರೆ ಸುತ್ತು ಮುಚ್ಚಿಕೊಳ್ಳಬೇಕಾದರೆ ಮೊದಲಿದ್ದಂತೆಯೇ ಇರಬೇಕು. ಇದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ.

ನಾಣ್ಯದ ವಿಷಯದಲ್ಲಿ ಮಾತ್ರ ನಾನು ನಿಮ್ಮ ಮಾತನ್ನು ಒಪ್ಪಲಾರೆ. ಈ ಚಿತ್ರದಲ್ಲಿ ಕಾಲಯಂತ್ರವಿಲ್ಲ. ಮನುಷ್ಯನನ್ನು ಹಿಂದಕ್ಕೆ ಒಯ್ಯುವುದು ಅವನ ನಂಬಿಕೆ ಮಾತ್ರ. ರಿಚರ್ಡ್ ಮೊದಲು ತನ್ನದೇ ಧ್ವನಿಯನ್ನು ಟೇಪ್ ರೆಕಾರ್ಡರಿನಲ್ಲಿ ಕೇಳಿಸಿಕೊಳ್ಳುತ್ತಾ ಪ್ರಯತ್ನಿಸಿ ಸೋಲುತ್ತಾನೆ. ಆಮೇಲೆ ಹೋಟೆಲಿನ ಅಟ್ಟದಲ್ಲಿ ದೂಳು ಹಿಡಿದ 1912ರ ಅತಿಥಿಗಳ ದಾಖಲೆ ಪುಸ್ತಕವನ್ನು ತೆರೆದು ನೋಡಿದರೆ, ಅದರಲ್ಲಿ ಅವನದೇ ಸಹಿ. ತಾನು ಅಲ್ಲಿಗೆ ಹೋಗಿದ್ದೆನೆಂಬುದು ಖಚಿತವಾದ ಮೇಲೆಯೇ ಅವನಿಗೆ ಹೋಗಲು ಸಾಧ್ಯವಾಗುತ್ತದೆ. ಒಂದು ಸಹಿಯಿಂದ ಹುಟ್ಟಿದ ನಂಬಿಕೆ ಒಂದು ನಾಣ್ಯದ ಮೇಲಿನ ಇಸವಿಯಿಂದ ಒಡೆದರೆ ಅದರಲ್ಲಿ ಮೋಸವೇನಿದೆ?

ಸಂಜೆಮಲ್ಲಿಗೆ ಅವರ ಉತ್ತರ:

ನೀವಿಬ್ಬರೂ ಗಡಿಯಾರದ ಸವೆತವನ್ನು ಲೆಕ್ಕ ಹಾಕಿದಿರಿ. ಅದನ್ನು ಕಾಯ್ದಿಟ್ಟುಕೊಂಡವಳ ಸವೆತದ ಕಡೆಗೂ ಸ್ವಲ್ಪ ಗಮನ ಕೊಡಿ. ರಿಚರ್ಡ್ ಕಾಲವನ್ನು ದಾಟಿದ್ದು ಒಂದು ನಿದ್ದೆಯಲ್ಲಿ. ಎಲೀಸ್ ಅದೇ ಅರವತ್ತು ವರ್ಷಗಳನ್ನು ಒಂದೊಂದು ದಿನವಾಗಿ, ಎದ್ದು, ಉಂಡು, ಮಲಗಿ ದಾಟಿದಳು. ಹೆಸರು ಉತ್ತುಂಗದಲ್ಲಿದ್ದಾಗಲೇ ರಂಗಭೂಮಿಯಿಂದ ದೂರವಾಗಿ ಒಂಟಿಯಾಗಿ ಬದುಕಿದಳು. ಕಾಲವನ್ನು ಗೆದ್ದ ಪ್ರೀತಿಯ ಚಿತ್ರವೆಂದು ಎಲ್ಲರೂ ಇದನ್ನು ಹೊಗಳುತ್ತಾರೆ. ಗೆದ್ದವನು ಅವನಾದರೆ, ಬೆಲೆ ತೆತ್ತವಳು ಅವಳು.

ಈ ಗಡಿಯಾರವನ್ನು ನೋಡಿದಾಗಲೆಲ್ಲ ನನಗೆ ಶಕುಂತಲೆಯ ಉಂಗುರದ ನೆನಪಾಗುತ್ತದೆ. ಮರೆತ ದುಷ್ಯಂತನಿಗೆ ಆ ಉಂಗುರ ಹಿಂದೆ ನಡೆದದ್ದನ್ನು ನೆನಪಿಸಿಕೊಟ್ಟಿತು. ಎಲೀಸಳ ಪಾಡು ಅದಕ್ಕಿಂತ ಕಷ್ಟದ್ದು. ಅವಳು ಗುರುತಿನ ಒಡವೆಯನ್ನು ಕೊಟ್ಟದ್ದು ಮರೆತವನಿಗಲ್ಲ, ನೆನಪಿಸಿಕೊಳ್ಳಲು ಇನ್ನೂ ಏನೂ ನಡೆದೇ ಇಲ್ಲದವನಿಗೆ. ಅವಳ ಪಾಲಿಗೆ ಅವನು ಜೀವಮಾನದ ಪ್ರಿಯಕರ. ಅವನ ಪಾಲಿಗೆ ಅವಳು ಯಾರೋ ಅಜ್ಜಿ. ಅಂದು ರಾತ್ರಿಯೇ ಅವಳು ತೀರಿಕೊಳ್ಳುತ್ತಾಳೆ.

ಆ ಭಾವಚಿತ್ರವನ್ನೂ ಇದೇ ಕಣ್ಣಿನಿಂದ ನೋಡಬೇಕು. ಆರೇಳು ದಶಕ ಹಳೆಯ ಆ ಚಿತ್ರದಲ್ಲಿರುವ ನಗೆ ಯಾರಿಗಾಗಿ ಎಂದು ನಮಗೆ ಮೊದಲು ತಿಳಿಯುವುದಿಲ್ಲ. 1912ರ ಭಾಗದಲ್ಲಿ ಛಾಯಾಗ್ರಾಹಕ ಅವಳನ್ನು ಕುಳ್ಳಿರಿಸಿ ಸಿದ್ಧತೆ ನಡೆಸಿರುವಾಗ ರಿಚರ್ಡ್ ಬರುತ್ತಾನೆ; ಅವಳ ಬಿಗಿದ ಮುಖ ಅವನನ್ನು ಕಂಡು ಸಡಿಲವಾಗುತ್ತದೆ, ಆ ಗಳಿಗೆಯಲ್ಲೇ ಚಿತ್ರ ತೆಗೆಯಲಾಗುತ್ತದೆ. ಅಂದರೆ ಅವನು ಮರುಳಾದದ್ದು ತನ್ನನ್ನೇ ನೋಡುತ್ತಿದ್ದ ನೋಟಕ್ಕೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಸೊಗಸಾದ ಹೆಣಿಗೆ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ಪಿಟೀಲುಪ್ರಿಯ ಅವರ ಉತ್ತರ:

ಗಡಿಯಾರದಂಥದೇ ಇನ್ನೊಂದು ಸುತ್ತು ಸಂಗೀತದಲ್ಲಿದೆ. ದೋಣಿಯಲ್ಲಿ ರಿಚರ್ಡ್ ಗುನುಗುವುದು ಇಟಲಿಯ ಪಿಟೀಲುವಾದಕ ಪಗಾನಿನಿಯ ರಾಗವಸ್ತುವನ್ನು ಆಧರಿಸಿ ರಷ್ಯಾದ ಸಂಗೀತಕಾರ ರಾಖ್ಮನಿನೋವ್ ರಚಿಸಿದ ವಾದ್ಯಸಂಗೀತ ಕೃತಿಯಾದ ರ‍್ಯಾಪ್ಸೊಡಿಯ 18ನೆಯ ಭಾಗ. ಎಲೀಸ್ ರಾಖ್ಮನಿನೋವರ ಅಭಿಮಾನಿಯೇ, ಆದರೆ ಇದನ್ನು ಕೇಳಿಯೇ ಇಲ್ಲ. ಕೇಳುವುದಾದರೂ ಹೇಗೆ? ಆ ಕೃತಿ ರಚನೆಯಾದದ್ದು 1934ರಲ್ಲಿ. ಅದು ಮೊದಲ ಬಾರಿಗೆ ಅವಳ ಕಿವಿಗೆ ಬಿದ್ದ ದಿನ ಅವಳಿಗೆ ಏನನ್ನಿಸಿರಬಹುದೆಂದು ಯೋಚಿಸಿ. ಅಲ್ಲಿಯವರೆಗಿನ ಇಪ್ಪತ್ತೆರಡು ವರ್ಷ ಆ ರಾಗ ಅವಳ ನೆನಪಿನಲ್ಲಿ ಮಾತ್ರ ಇತ್ತು. ಚಿತ್ರ ಆ ದೃಶ್ಯವನ್ನು ತೋರಿಸುವುದಿಲ್ಲ. ಅವಳ ಮನೆಯಲ್ಲಿ ಅದೇ ರಾಗವನ್ನು ನುಡಿಸುವ ಪುಟ್ಟ ಸಂಗೀತಪೆಟ್ಟಿಗೆಯನ್ನು ಮಾತ್ರ ತೋರಿಸಿ ಸುಮ್ಮನಾಗುತ್ತದೆ. ಉಳಿದ ಸಂಗೀತ ಜಾನ್ ಬ್ಯಾರಿ ಅವರದು.

ಸ್ಥಳದ ವಿಷಯವನ್ನೂ ಒಂದಿಷ್ಟು ಸೇರಿಸುತ್ತೇನೆ. ರಿಚರ್ಡ್ ಮ್ಯಾಥೆಸನ್ ಅವರ 1975ರ ಮೂಲ ಕಾದಂಬರಿ ನಡೆಯುವುದು ಕ್ಯಾಲಿಫೋರ್ನಿಯಾದ ಹೋಟೆಲ್ ಡೆಲ್ ಕೊರೊನಾಡೊದಲ್ಲಿ, ಮತ್ತು ಅಲ್ಲಿ ನಾಯಕ ಹೋಗುವುದು 1896ಕ್ಕೆ. ಚಿತ್ರಕ್ಕಾಗಿ ಮಿಷಿಗನ್ನಿನ ಮ್ಯಾಕಿನಾ ದ್ವೀಪದಲ್ಲಿರುವ, 1887ರಲ್ಲಿ ಆರಂಭವಾದ ಗ್ರ್ಯಾಂಡ್ ಹೋಟೆಲನ್ನು ಆರಿಸಿಕೊಂಡರು. ಆ ದ್ವೀಪದಲ್ಲಿ ಮೋಟಾರು ವಾಹನಗಳಿಗೆ ನಿಷೇಧವಿದ್ದು, ಇಂದಿಗೂ ಜನ ಕುದುರೆ ಗಾಡಿ ಮತ್ತು ಸೈಕಲ್‌ಗಳಲ್ಲಿ ಓಡಾಡುತ್ತಾರೆ. ಛಾಯಾಗ್ರಾಹಕ ಇಸಿಡೋರ್ ಮ್ಯಾಂಕೋಫ್ಸ್ಕಿ ವರ್ತಮಾನದ ದೃಶ್ಯಗಳಿಗೆ ಕೊಡಾಕ್ ಫಿಲ್ಮನ್ನೂ 1912ರ ದೃಶ್ಯಗಳಿಗೆ ಫ್ಯೂಜಿ ಫಿಲ್ಮನ್ನೂ ಬಳಸಿದ್ದರಿಂದ ಹಿಂದಿನ ಕಾಲದ ಬಣ್ಣಗಳು ಹೆಚ್ಚು ಮೃದುವಾಗಿ ಕಾಣುತ್ತವೆ.

ಇನ್ನೊಂದು ವ್ಯತ್ಯಾಸ ಮುಖ್ಯವಾದದ್ದು. ಕಾದಂಬರಿಯ ನಾಯಕನಿಗೆ ಮೆದುಳಿನಲ್ಲಿ ಗೆಡ್ಡೆಯಿರುತ್ತದೆ. ಹಾಗಾಗಿ ಈ ಪಯಣವೆಲ್ಲ ಅವನ ಭ್ರಮೆಯಾಗಿರಬಹುದೆಂಬ ಸಂಶಯ ಓದುಗರಲ್ಲಿ ಉಳಿಯುತ್ತದೆ. ಚಿತ್ರದವರು ಆ ಸಂಶಯವನ್ನು ಕಿತ್ತುಹಾಕಿದರು. ಬಿಡುಗಡೆಯಾದಾಗ ಚಿತ್ರ ಸೋತಿತು, ನಂತರ ಕೇಬಲ್ ಟಿವಿಯಲ್ಲಿ ಅಭಿಮಾನಿಗಳನ್ನು ಸಂಪಾದಿಸಿತು. ಈಗ ಪ್ರತಿ ಅಕ್ಟೋಬರಿನಲ್ಲಿ ಅವರು ಹಳೆಯ ಕಾಲದ ಉಡುಪು ಧರಿಸಿ ಅದೇ ಹೋಟೆಲಿನಲ್ಲಿ ಸೇರುತ್ತಾರೆ.

ಹಳೇಟಾಕೀಸು ಮತ್ತೆ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಸಂಜೆಮಲ್ಲಿಗೆ ಅವರ ಮಾತನ್ನು ಓದಿದ ಮೇಲೆ ನಿನ್ನೆ ರಾತ್ರಿ ಮೊದಲ ಹತ್ತು ನಿಮಿಷಗಳನ್ನು ಮಾತ್ರ ಮತ್ತೆ ನೋಡಿದೆ. ಮೊದಲೆರಡು ಬಾರಿ ನಾನು ಗಮನಿಸಿದ್ದು ರೀವ್ ಅವರ ಬೆಪ್ಪಾದ ಮುಖವನ್ನು. ಈ ಬಾರಿ ವೃದ್ಧೆಯಾಗಿ ನಟಿಸಿದ ಸೂಸನ್ ಫ್ರೆಂಚ್ ಅವರನ್ನೇ ನೋಡುತ್ತಿದ್ದೆ. ಜನ ಮಾತು ನಿಲ್ಲಿಸಿ ದಾರಿ ಬಿಡುತ್ತಾರೆ. ಅವರು ಬಂದು, ಗಡಿಯಾರವನ್ನು ಅವನ ಅಂಗೈಯಲ್ಲಿಟ್ಟು, ಹೇಳಬೇಕಾದ ಒಂದೇ ಮಾತನ್ನು ಹೇಳುತ್ತಾರೆ. ತಾನು ಯಾರೆಂದು ಹೇಳುವುದಿಲ್ಲ, ಅವನ ಉತ್ತರಕ್ಕೂ ಕಾಯುವುದಿಲ್ಲ. ಅಲ್ಲಿಗೇ ನಿಲ್ಲಿಸಿದೆ, ಮುಂದೆ ನೋಡಲು ಮನಸ್ಸಾಗಲಿಲ್ಲ.

ಬೀಜಗಣಿತ ಅವರೇ, ನಾಣ್ಯದ ಬಗ್ಗೆ ನೀವು ಹೇಳಿದ್ದನ್ನು ಒಪ್ಪಿದ್ದೇನೆ. ಗಡಿಯಾರದ ಸವೆತದ ತಕರಾರು ಮಾತ್ರ ಹಾಗೆಯೇ ಇದೆ.