ಸಹಾಯ ಬೇಕು: ಮಾನವಶಾಸ್ತ್ರದ ಮಕ್ಕಳಿಗೆ ನಾಲ್ಕು ಮನೆತನ, ಒಬ್ಬ ಮಾರ್ಗದರ್ಶಿ

ಅಣ್ಣಂದಿರಿಗೂ ಅಕ್ಕಂದಿರಿಗೂ ನಮಸ್ಕಾರ. ಕೊಪ್ಪಳ, ಗಂಗಾವತಿ ಕಡೆಯ ಆರು ಮಕ್ಕಳು ಮಾನವಶಾಸ್ತ್ರದಲ್ಲಿ ಎಂ.ಎ. ಮಾಡಬೇಕೆಂದಿದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ ಎರಡರಲ್ಲೂ ವಿಭಾಗ ಇದೆ. ಸೇರುವ ಮೊದಲೇ ಕ್ಷೇತ್ರಕಾರ್ಯಕ್ಕೆ, ಅಂದರೆ ಜನರ ಬಳಿಗೇ ಹೋಗಿ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ, ಕೈ ಪಳಗಲಿ ಅಂತ ಕೇಳುತ್ತಿದ್ದೇವೆ.

ಹಿರಿಯರಿರುವ ನಾಲ್ಕು ಮನೆಯವರು ಒಂದೂವರೆ ತಾಸು ಕೂತು ಮೂರು ತಲೆಮಾರಿನ ವಂಶಾವಳಿ ಹೇಳಬೇಕು. ಒಪ್ಪಿಗೆ ಬರೆಸಿಕೊಳ್ಳುತ್ತೇವೆ, ಹಾಳೆಯಲ್ಲಿ ಹೆಸರಿನ ಬದಲು ಸಂಖ್ಯೆ ಹಾಕುತ್ತೇವೆ. ವಂಶಾವಳಿಯ ಚಿತ್ರದಲ್ಲಿ ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಜೋಡಿಗೆರೆ. ತಪ್ಪುವುದು ಎಲ್ಲಿ ಅಂದರೆ, ‘ಮಾವ’ ಅಂತಷ್ಟೇ ಬರೆದುಕೊಂಡು ಬರುವಲ್ಲಿ. ಅವ್ವನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಅಕ್ಕನ ಮಗಳನ್ನೇ ಮದುವೆಯಾದ ಮನೆಯಲ್ಲಂತೂ ಅದೇ ಹೆಣ್ಣುಮಗಳು ಸೊಸೆಯಾಗಿ ಒಂದು ಕಡೆ, ಮೊಮ್ಮಗಳಾಗಿ ಇನ್ನೊಂದು ಕಡೆ ಬಂದುಬಿಡುತ್ತಾಳೆ. ಅವಳಿಗೆ ಒಂದೇ ವೃತ್ತ ಬರೆದು, ಜೋಡಿಗೆರೆಯನ್ನು ಓರೆಯಾಗಿ ಮೇಲಿನ ತಲೆಮಾರಿಗೆ ಎಳೆಯಬೇಕು. ಕೊಟ್ಟ ಹೆಣ್ಣುಮಕ್ಕಳು, ತೀರಿಕೊಂಡ ಕೂಸುಗಳು ಕೇಳದಿದ್ದರೆ ಬಿಟ್ಟುಹೋಗುತ್ತವೆ. ಹಿರಿಯರ ಮನಸ್ಸು ನೋಯದಂತೆ ಕೇಳುವುದನ್ನೂ ಕಲಿಯಬೇಕು.

ಇನ್ನು ಉದ್ಯೋಗ. ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮಾನವಶಾಸ್ತ್ರ ಐಚ್ಛಿಕ ವಿಷಯ, ತಲಾ 250 ಅಂಕದ ಎರಡು ಪತ್ರಿಕೆ, ಇದು ಎಲ್ಲರಿಗೂ ಗೊತ್ತು. ಅದೊಂದಕ್ಕೇ ಎಂ.ಎ. ಸೇರುವುದು ಸರಿಯಲ್ಲ ಅನ್ನಿಸುತ್ತದೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ. ಅಂಥ ಕಡೆ, ವಸ್ತುಸಂಗ್ರಹಾಲಯದಲ್ಲಿ ಅಥವಾ ಆರೋಗ್ಯ ಸಮೀಕ್ಷೆಯಲ್ಲಿ ದುಡಿದವರು ಒಂದು ಭಾನುವಾರ ಗಂಗಾವತಿಗೆ ಬಂದು ಮಾತಾಡಬಹುದೇ? ಬಸ್ ಖರ್ಚು, ಊಟ ನಮ್ಮದು. ಹತ್ತಿರದ ಹಿರೇಬೆಣಕಲ್ಲಿನ ಪ್ರಾಚೀನ ಶಿಲಾಸಮಾಧಿಗಳನ್ನು ಮಕ್ಕಳ ಜೊತೆ ನೋಡಿಬರಬಹುದು. ಆಗುವವರು ಕೆಳಗೆ ತಿಳಿಸಿರಿ.