ಪುಟ್ಟಿ, ‘ಮರೆತುಬಿಡಿ’ ಅಂತ ಮಾತ್ರ ಅನ್ನಬೇಡ

ಪುಟ್ಟಿ, ನಿನ್ನ ಮೆಸೇಜನ್ನು ಮೊಮ್ಮಗಳ ಕೈಲಿ ಓದಿಸಿದೆ. ಶಿರಾಡಿ ಘಾಟಿಯಲ್ಲಿ ಬಸ್ ಉರುಳಿ ಎರಡು ತಿಂಗಳಾಯಿತು, ಮುರಿದ ಕೈ ಕೂಡಿತು, ಆದರೂ ಅಳಿಯಂದಿರು ರಾತ್ರಿ ಕಿರುಚಿ ಏಳುತ್ತಾರೆ, ಹಾರನ್ ಕೇಳಿದರೆ ನಡುಗುತ್ತಾರೆ, ಬಸ್ ಹತ್ತುವುದಿಲ್ಲ, ಇದು ಹುಚ್ಚಾ ದೊಡ್ಡಮ್ಮ ಅಂತ ಕೇಳಿದ್ದೀಯ.

ಹುಚ್ಚಲ್ಲ ಕಣೆ. ಮೊದಲು ಒಂದು ಮಾತು ಕೇಳು. ‘ಆಗಿದ್ದು ಆಯ್ತು, ಮರೆತುಬಿಡಿ’ ಅಂತ ಮಾತ್ರ ಅನ್ನಬೇಡ. ನಾನು ಹಾಗೆ ಹೇಳಿಯೇ ಕೆಟ್ಟೆ.

ನಿಮ್ಮ ದೊಡ್ಡಪ್ಪ ಎಂಥವರು ಅಂತ ಎಲ್ಲರಿಗೂ ಗೊತ್ತು. ತೋಟಕ್ಕೆ ಆನೆ ನುಗ್ಗಿದರೂ ಟಾರ್ಚ್ ಹಿಡಿದು ಹೋಗುತ್ತಿದ್ದ ಮನುಷ್ಯ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರಿನ ನಮ್ಮ ಮನೆ ಹಿಂದಿನ ಗುಡ್ಡದ ಬರೆ ಜಾರಿತಲ್ಲ, ಉಟ್ಟ ಬಟ್ಟೆಯಲ್ಲೇ ಓಡಿದೆವು. ನಾನು ತಿರುಗಿ ನೋಡಲಿಲ್ಲ. ಅವರು ನೋಡಿದರು. ಕೊಟ್ಟಿಗೆಯಲ್ಲಿ ಹಸುಗಳು ಕಟ್ಟಿದ ಹಾಗೇ ಇದ್ದವು.

ಪರಿಹಾರ ಕೇಂದ್ರದಲ್ಲಿ ಎಲ್ಲರಿಗಿಂತ ಗಟ್ಟಿ ಇದ್ದವರು ಅವರೇ, ನಿಂತು ಅನ್ನ ಬಡಿಸಿದರು. ಶುರುವಾದದ್ದು ಬಾಡಿಗೆ ಮನೆಗೆ ಬಂದ ಮೇಲೆ. ಶೀಟಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಎದ್ದು ಬೂಟು ಹಾಕಿ, ಲೇಸ್ ಬಿಗಿದು, ಬಾಗಿಲ ಹತ್ತಿರ ಕುರ್ಚಿ ಎಳೆದು ಕೂರುವರು. ತೊಡೆ ಮೇಲೆ ಪಹಣಿ, ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಚೀಲ. ಬೆಳಗಾಗುವವರೆಗೆ. ಹಸಿ ಮಣ್ಣಿನ ವಾಸನೆ ಬಂದರೆ ಊಟದ ತಟ್ಟೆ ದೂಡುವರು. ಸುಳ್ಯದ ಮದುವೆ ಬಿಟ್ಟರು, ಜೋಡುಪಾಲ ದಾಟಬೇಕಲ್ಲ, ಅಲ್ಲೂ ಗುಡ್ಡ ಜಾರಿತ್ತು. ಮೊಮ್ಮಗಳು ಮಡಿಲಿಗೆ ಬಂದರೂ ಮರದ ಹಾಗೆ ಇರುವರು. ಆಮೇಲೆ ನಿದ್ದೆಗೆ ಅಂತ ಬ್ರಾಂದಿ. ನಾನೇ ಬಗ್ಗಿಸಿ ಕೊಟ್ಟಿದ್ದೇನೆ, ‘ಮರೆತುಬಿಡಿ, ಹಸು ತಾನೆ’ ಅಂತ. ಹೀಗೆ ಒಂದೂವರೆ ವರ್ಷ ಸುಮ್ನೆ ಕಳೆದೆ.

ಡಾಕ್ಟರು ಇದು ಪಿಟಿಎಸ್‌ಡಿ, ದೊಡ್ಡ ಆಘಾತ ಆದಮೇಲೆ ಕಾಡುವ ಮನಸ್ಸಿನ ಕಾಯಿಲೆ ಅಂದಾಗ, ಅದು ಯುದ್ಧಕ್ಕೆ ಹೋದವರಿಗೆ ಬರುವುದಲ್ವಾ ಅಂದೆ. ಸಾವನ್ನು ಹತ್ತಿರದಿಂದ ಕಂಡ ಯಾರಿಗೂ ಬರಬಹುದಂತೆ, ಎಲ್ಲರಿಗೂ ಬರಲ್ಲವಂತೆ. ಕುಡಿತ ಅದನ್ನು ಜಾಸ್ತಿ ಮಾಡುತ್ತದೆ ಅಂದರು. ನಾನು ತಲೆ ಬಗ್ಗಿಸಿ ಕೂತೆ.

ಆಗ ಮೈಸೂರಲ್ಲಿ ಒಬ್ಬರ ಮನೆಯಲ್ಲೂ ಇಪ್ಪತ್ತು ದಿನ ಇದ್ದೆವು. ಹೆಸರು ಹೇಳಲ್ಲ, ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಮನೆಗೆ ಬಂದವರ ಮುಂದೆಲ್ಲ ಇವರನ್ನು ಕೂರಿಸಿ, ‘ಹೇಳಿ ಭಾವ, ಗುಡ್ಡ ಹೇಗೆ ಬಂತು’ ಅಂತ ಹೇಳಿಸಿದ್ದೇ ಹೇಳಿಸಿದ್ದು. ಇವರ ಕೈ ನಡುಗಿ ಲೋಟ ತುಳುಕುತ್ತಿತ್ತು. ಹನ್ನೆರಡನೇ ದಿನದಿಂದ ಆ ಕಾಫಿಗೂ ಸಕ್ಕರೆ ಕಮ್ಮಿ. ನಮ್ಮ ತೋಟದ ಪುಡಿ ವರ್ಷಗಟ್ಟಲೆ ಬಿಟ್ಟಿ ಕುಡಿದವರು! ನಮ್ಮತ್ತೆಯ ತಾಮ್ರದ ಹಂಡೆ ಇನ್ನೂ ಅವರ ಬಚ್ಚಲಲ್ಲೇ ಇದೆ.

ಅಯ್ಯೋ, ಎಲ್ಲಿಗೋ ಹೋದೆ. ಪುಟ್ಟಿ, ಮರೆತುಬಿಡಿ ಅನ್ನಬೇಡ, ತಿಳಿಯಿತಾ? ಒತ್ತಾಯ ಮಾಡಿ ಹೇಳಿಸಲೂಬೇಡ. ಅವರಾಗಿ ಹೇಳಿದರೆ ಕೇಳು. ಮೊದಲ ಕೆಲವು ವಾರ ಹೆದರಿಕೆ, ಕೆಟ್ಟ ಕನಸು ಯಾರಿಗಾದರೂ ಇರುತ್ತದೆ. ತಿಂಗಳು ದಾಟಿದರೂ ಅದೇ ಕಣ್ಣಮುಂದೆ ಬರುವುದು, ಆ ದಾರಿ, ಆ ಮಾತು ತಪ್ಪಿಸುವುದು, ಮನಸ್ಸು ಮರಗಟ್ಟುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಇಷ್ಟೂ ಇದ್ದರೆ ಕಾಯಬಾರದು. ನಿನಗಾಗಲೇ ಎರಡು ತಿಂಗಳು. ಮನೋವೈದ್ಯರಿಗೆ ತೋರಿಸು. 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವ ಬೇಡ ಅನ್ನುವ ಮಾತು ಬಂತೋ, ಒಬ್ಬರನ್ನೇ ಬಿಡಬೇಡ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಇವರಿಗೆ ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ಕೂರಿಸಿ, ಸ್ವಲ್ಪ ಸ್ವಲ್ಪವೇ ಆ ದಿನದ ಬಗ್ಗೆ ಮಾತಾಡಿಸಿದರು. ಮೈಸೂರಿನವರ ಹಾಗಲ್ಲ. ಈಗಲೂ ಮಳೆ ಬಂದರೆ ಏಳುತ್ತಾರೆ. ಬೂಟು ಹಾಕಲ್ಲ, ಚಪ್ಪಲಿ ಮೆಟ್ಟಿ ವರಾಂಡದಿಂದ ಒಮ್ಮೆ ನೋಡಿ ಬಂದು ಮಲಗುತ್ತಾರೆ.

ಹ್ಞಾ, ಡಾಕ್ಟರ ಹತ್ತಿರ ಹೋಗುವ ದಿನ ಬಸ್ ಹತ್ತಿಸಬೇಡ. ರೈಲಿದೆಯಾ ನೋಡು.